ಕೂಸಿಗೆ ಹೇಳಿ ಹೋಗ್ರಿ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಹೇಳಿಟ್ಟರು. ಹಾಗೆ ಹೇಳಿದವರು ಗಂಡಸರೇ ಇರಬೇಕು. ಹೆಂಗಸರಾಗಿದ್ದರೆ ಮೂರನೆಯದನ್ನೂ ಸೇರಿಸುತ್ತಿದ್ದರು: ಹೆತ್ತ ಕೂಸನ್ನು ಹಗಲೆಲ್ಲ ಇನ್ನೊಬ್ಬರ ಮನೆಯಲ್ಲಿ ಬಿಟ್ಟು ನೋಡು. ಸಿಂದಗಿಯ ಹೆಣ್ಣುಮಕ್ಕಳ ಶಾಲೆಗೆ ಹೊಸದಾಗಿ ಬಂದಿದ್ದ ಜಾನಕಿಬಾಯಿ ಅಕ್ಕೋರಿಗೆ ಆ ಮೂರನೆಯದೇ ಗಂಟುಬಿದ್ದಿತ್ತು.

ಬಿಜಾಪುರ ಜಿಲ್ಲೆ ಮುಂಬಯಿಯ ಕೈ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಇನ್ನೂ ಒಂದೆರಡು ವರ್ಷವಾಗಿತ್ತು ಅಷ್ಟೆ. ಜಾನಕಿಯ ಗಂಡ ಗೋವಿಂದ ವಿಷಮಜ್ವರದಿಂದ ತೀರಿಕೊಂಡಾಗ ಮಗಳು ಗೋದಾವರಿ ಇನ್ನೂ ಮಗುಚಿ ಬೀಳುವ ಕೂಸು. ಬಸವನ ಬಾಗೇವಾಡಿಯಲ್ಲಿ ಗಂಡನ ಅಣ್ಣ ಬಸಂತರಾಯರ ಮನೆ ದೊಡ್ಡದು, ಅಡಿಗೆಮನೆ ಅದಕ್ಕಿಂತ ದೊಡ್ಡದು. ಆ ಅಡಿಗೆಮನೆಯಲ್ಲೇ ತನ್ನ ಮುಂದಿನ ಆಯುಷ್ಯವೆಲ್ಲ ಹೊಗೆಯಾಗಿ ಹೋಗುವುದು ಜಾನಕಿಗೆ ಕಾಣಿಸಿತು. ತವರಿನಲ್ಲಿದ್ದಾಗ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸು ಮಾಡಿದ್ದಳು, ಆಗ ಅಕ್ಕೋರಾಗಲು ಅಷ್ಟು ಸಾಕಿತ್ತು. ಯಾರಿಗೂ ಹೇಳದೆ ಅರ್ಜಿ ಹಾಕಿದಳು, ನೌಕರಿ ಸಿಕ್ಕಿತು.

ಬಸಂತರಾಯರು ಕೆಟ್ಟವರಲ್ಲ. ಆದರೆ ಅವರಿಗೂ ಅವರ ಹೆಂಡತಿಗೂ ಮಕ್ಕಳಿರಲಿಲ್ಲ, ಗೋದಾಳ ಮೇಲೆ ಜೀವ. ಅವರು ಪಡಸಾಲೆಯಲ್ಲಿ ಕೂತು ಒಂದೇ ಮಾತು ಹೇಳಿದರು.

"ನೀ ನೌಕರಿ ಮಾಡು, ನಾ ಬ್ಯಾಡ ಅನ್ನೂದಿಲ್ಲ. ಆದ್ರ ಹಗಲೆಲ್ಲ ನೀ ಸಾಲ್ಯಾಗ ಇದ್ರ ಕೂಸಿನ್ನ ನೋಡೋರು ಯಾರು? ಛಲೋ ಮನಿ ಸಿಕ್ರ ಸರಿ. ಇಲ್ಲಂದ್ರ ಗೋದಾನ್ನ ಇಲ್ಲೆ ಬಿಡು. ನಾವು ಸಾಕ್ತೇವಿ."

ಸಾಕುತ್ತೇವೆ ಎಂಬ ಮಾತಿನಲ್ಲಿ ಎಷ್ಟು ಪ್ರೀತಿ ಇತ್ತೋ ಅಷ್ಟೇ ಆಸೆಯೂ ಇತ್ತು. ಮನೆ ಸಿಗದಿದ್ದರೆ ಮಗಳು ಕೈಬಿಟ್ಟು ಹೋಗುತ್ತಾಳೆ ಎಂಬುದು ಜಾನಕಿಗೆ ಚೆನ್ನಾಗಿ ಗೊತ್ತಾಯಿತು. ಹಾಗಾಗಿ ಸಿಂದಗಿಯಲ್ಲಿ ಬಾಡಿಗೆ ಕೋಣೆ ಹಿಡಿದು ಟ್ರಂಕು ಇಳಿಸಿದವಳೇ, ಗೋದಾಳನ್ನು ಸೊಂಟಕ್ಕೆ ಏರಿಸಿಕೊಂಡು ಮನೆ ಹುಡುಕಲು ಹೊರಟಳು.

ಮೊದಲು ಹೋದದ್ದು ವಿಠ್ಠಲ ಗುಡಿಯ ಹತ್ತಿರದ ಅಂಬುಬಾಯಿಯವರ ಮನೆಗೆ. ದೂರದ ನೆಂಟರು, ವಯಸ್ಸಾದವರು, ಒಬ್ಬರೇ ಇರುವವರು. ಮನೆ ಕನ್ನಡಿಯ ಹಾಗೆ. ಮುದುಕಿ ಗೋದಾಳನ್ನು ನೋಡಿ ತುಂಬ ಸಂತೋಷಪಟ್ಟರು, ಆದರೆ ಕೈ ಮಾತ್ರ ಚಾಚಲಿಲ್ಲ. ಬೆಳಿಗ್ಗೆ ಎದ್ದಾಗಿನಿಂದ ಪೂಜೆ ನೈವೇದ್ಯ ಮುಗಿಯುವವರೆಗೆ ಅವರು ಮಡಿ. ಸೂರ್ಯ ನೆತ್ತಿ ದಾಟುವ ತನಕ ಕೂಸು ಬಿದ್ದರೂ ಎತ್ತುವಂತಿಲ್ಲ.

"ಅಳ್ತದ ಅಂತ ಅಂಜಬ್ಯಾಡ, ಜಾನಕೀ. ಮಲಗಿಸಿ ಹಿಂದಿನ ಬಾಗಲದಿಂದ ಹೋಗಿಬಿಡು. ಎದ್ದ ಮ್ಯಾಲ ಅತ್ತು ಅತ್ತು ತಾನಽ ಸುಮ್ಮನಾಗ್ತದ," ಎಂದರು ಅಂಬುಬಾಯಿ. ದೇವರಿಗೆ ಅಷ್ಟು ಹತ್ತಿರವಿದ್ದವರು ಕೂಸಿಗೆ ಅಷ್ಟು ದೂರ ಇರಬೇಕಾಯಿತಲ್ಲ ಎಂದು ಜಾನಕಿಗೆ ಬೇಸರವೇ ಆಯಿತು.

ಎರಡನೆಯದು ಪೇಟೆಯ ವ್ಯಾಪಾರಿಯೊಬ್ಬರ ಮನೆ. ಅಲ್ಲಿಯ ಸೊಸೆ ತನ್ನದೊಂದರ ಜೊತೆಗೆ ಬೇರೆಯವರ ಎರಡು ಕೂಸುಗಳನ್ನೂ ನೋಡಿಕೊಳ್ಳುತ್ತಿದ್ದಳು. ಒಳಗೆ ಕಾಲಿಟ್ಟರೆ ಸೂಜಿ ಬಿದ್ದ ಸಪ್ಪಳ ಕೇಳುವಷ್ಟು ಶಾಂತ. ಮೂರು ತೊಟ್ಟಿಲು, ಮೂರೂ ಕೂಸು ಗಾಢ ನಿದ್ದೆಯಲ್ಲಿ. ಸಾಕಪ್ಪ, ಸಿಕ್ಕಿತು ಎಂದು ಜಾನಕಿ ಉಸಿರು ಬಿಟ್ಟಳು. ಹೊರಗೆ ಎತ್ತಿನ ಗಾಡಿಯೊಂದು ಕಲ್ಲಿಗೆ ಬಡಿದು ದೊಡ್ಡ ಸದ್ದಾಯಿತು. ಒಂದು ಕೂಸೂ ಬೆಚ್ಚಿಬೀಳಲಿಲ್ಲ. ಜಾನಕಿ ಹತ್ತಿರ ಹೋಗಿ ನೋಡಿದಳು. ಒಂದರ ರೆಪ್ಪೆ ಅರ್ಧ ತೆರೆದೇ ಇತ್ತು.

"ಎಳ್ಳುಕಾಳಿನಷ್ಟು ಅಫು ಹಾಲಾಗ ಅರದು ಕೊಡೂದ್ರಿ. ನಮ್ಮತ್ತೀನೂ ಕೊಡ್ತಿದ್ರು. ಕೂಸಿಗೂ ನಿದ್ದಿ, ನಮಗೂ ಕೆಲಸ," ಎಂದಳು ಸೊಸೆ, ಅಫೀಮಿನ ಮಾತನ್ನು ಅಜವಾನದ ಮಾತಿನಷ್ಟು ಸಹಜವಾಗಿ. ಆಗಿನ ಕಾಲಕ್ಕೆ ಅದನ್ನು ಯಾರೂ ತಪ್ಪು ಅನ್ನುತ್ತಿರಲಿಲ್ಲ. ಜಾನಕಿ ಮಾತ್ರ ಗೋದಾಳನ್ನು ಬಿಗಿಯಾಗಿ ಅವುಚಿಕೊಂಡು ಅಲ್ಲಿಂದ ಕಾಲ್ತೆಗೆದಳು.

ಓಣಿಗೆ ಬಂದು ನಿಂತವಳಿಗೆ ಅಳು ಬರುವುದೊಂದು ಬಾಕಿ. ಅಷ್ಟರಲ್ಲಿ ಓಣಿಯ ಆ ತುದಿಯಿಂದ ಗದ್ದಲ ಕೇಳಿತು. ಅಳು, ನಗು, ಕೋಳಿಯ ಕೂಗು, ನಡುವೆ ಒಬ್ಬ ಹೆಂಗಸಿನ ಗಟ್ಟಿ ದನಿ, ಎಲ್ಲ ಸೇರಿದ ಗದ್ದಲ. ಈಗಷ್ಟೇ ಆ ಹಾಳು ಶಾಂತಿಯನ್ನು ನೋಡಿ ಬಂದವಳಿಗೆ ಈ ಗದ್ದಲ ಹಿತವೆನಿಸಿತು. ಕಾಲು ತಾನಾಗಿ ಅತ್ತ ನಡೆಯಿತು.

ಅದು ಪಿಂಜಾರ ಫಕೀರಸಾಬನ ಮನೆ. ಅರಳೆ ಹಿಂಜಿ ಗಾದಿ ಹೊಲಿಯುವುದು ಅವನ ಕೆಲಸ. ಅಂಗಳದಲ್ಲಿ ಬೇವಿನ ಮರ, ಮರದ ಕೊಂಬೆಗೆ ಹಳೆಯ ಸೀರೆಯಲ್ಲಿ ಕಟ್ಟಿದ ಜೋಳಿಗೆಗಳು, ಕೆಳಗೆ ತೆವಳುವವು, ನಡೆಯುವವು, ಒಂದರ ಕೈಯ ರೊಟ್ಟಿ ಇನ್ನೊಂದು ಕಸಿಯುವವು. ಹೊಲಕ್ಕೆ ಕೂಲಿಗೆ ಹೋಗುವ ಹೆಂಗಸರ ಮಕ್ಕಳು ಅವು. ನಡುವೆ ಸೆರಗು ಸೊಂಟಕ್ಕೆ ಕಟ್ಟಿ ನಿಂತವಳು ಫಕೀರಸಾಬನ ಹೆಂಡತಿ ದಾವಲಬಿ, ನಲವತ್ತರ ಆಸುಪಾಸಿನ, ಎತ್ತರದ, ಕಪ್ಪಗಿನ ಹೆಂಗಸು. ಅರಳೆಯ ಧೂಳು ಮಕ್ಕಳ ಮೂಗಿಗೆ ಹೋಗುತ್ತದೆ ಎಂದು ಗಂಡನನ್ನು ಅವನ ಹಿಂಜುವ ಬಿಲ್ಲಿನ ಸಮೇತ ಹಿತ್ತಲಾಚೆಗೆ ಓಡಿಸಿದ್ದಳು. ಅವನು ಪಾಪ, ತನ್ನ ಮನೆಯಲ್ಲೇ ಬೀಗರ ಹಾಗೆ ಕೇಳಿಕೊಂಡು ಒಳಗೆ ಬರುತ್ತಿದ್ದ.

ಜಾನಕಿ ಬಾಗಿಲಲ್ಲಿ ನಿಂತಾಗ ಕೂಲಿಯ ಹೆಂಗಸೊಬ್ಬಳು ತನ್ನ ಮಗ ಕೋಳಿಯ ಬೆನ್ನು ಹತ್ತಿದ್ದನ್ನು ನೋಡಿ, ಇದೇ ಸಮಯ ಎಂದು ಮೆಲ್ಲಗೆ ಜಾರಿಕೊಳ್ಳುತ್ತಿದ್ದಳು. ದಾವಲಬಿ ಹಿಂದಿನಿಂದ ಅವಳ ಸೆರಗು ಹಿಡಿದು ಜಗ್ಗಿದಳು.

"ಏ ಯವ್ವಾ, ಕಳ್ಳರಂಗ ಎಲ್ಲಿಗಿ ಹೊಂಟಿ? ಕೂಸಿಗೆ ಹೇಳಿ ಹೋಗು."

"ಹೇಳಿದ್ರ ಅಳ್ತಾನ ಬೇ."

"ಅಳವಲ್ಲನ್ಯಾಕ! ಅಳೂದಕ್ಕ ನಾ ಅದೇನಿ. ನೀ ಹೇಳದಽ ಹೋದ್ರ ಹುಡುಕ್ತಾನ. ಹುಡುಕೂ ಕೂಸಿನ್ನ ನೋಡೂದು ನನ್ನ ಕೈಲೆ ಆಗೂದಿಲ್ಲ."

ತಾಯಿ ತಿರುಗಿ ಬಂದು ಮಗನ ಮುಂದೆ ಕೂತು, "ಹೋಗ್ತೇನೋ ಮಗನ," ಎಂದಳು. ದಾವಲಬಿ ಹಣೆ ಬಡಿದುಕೊಂಡಳು.

"ಹೋಗ್ತೇನಿ ಅಂತಾರೇನು? ಬರ್ತೇನಿ ಅನು!"

"ಬರ್ತೇನೋ."

ಹುಡುಗ ಬಾಯಿ ತೆರೆದು ಕಿರುಚಿದ. ದಾವಲಬಿ ಅವನನ್ನು ಎತ್ತಿಕೊಂಡಳು, ಆದರೆ ಮುಖ ಬೇರೆ ಕಡೆ ತಿರುಗಿಸಲಿಲ್ಲ. ಓಣಿಯ ತಿರುವಿನಲ್ಲಿ ತಾಯಿ ಮರೆಯಾಗುವ ತನಕ ದಾರಿಗೆ ಮುಖ ಮಾಡಿಯೇ ನಿಲ್ಲಿಸಿಕೊಂಡಳು. ಆಮೇಲೆ ಕೇಳಿದಳು: "ಅವ್ವ ಏನಂದ್ಲು?"

"ಬತ್ತೇನಿ," ಎಂದ ಹುಡುಗ ಬಿಕ್ಕುತ್ತ. ಹೇಳಿ ಮುಗಿಸಿದವನು ಮತ್ತೆ ಕೋಳಿ ಎಲ್ಲಿದೆ ಎಂದು ನೋಡತೊಡಗಿದ.

ಹೋಗುವವರು ಬರುತ್ತೇನೆ ಎನ್ನುವುದು ನಮ್ಮ ಕಡೆಯ ಪದ್ಧತಿ. ಜಾನಕಿಯೂ ಬುದ್ಧಿ ಬಂದಾಗಿನಿಂದ ಹಾಗೆಯೇ ಅನ್ನುತ್ತ ಬಂದಿದ್ದಳು. ಅದು ಬರೀ ಶಾಸ್ತ್ರದ ಮಾತಲ್ಲ, ಕೊಟ್ಟ ಮಾತು ಎಂದು ಅವಳಿಗೆ ಅನಿಸಿದ್ದು ಆ ಅಂಗಳದಲ್ಲೇ.

ಗೋದಾಳನ್ನು ಬಿಡುವ ಮನೆಯವರಿಗೆ ಕೇಳಬೇಕೆಂದು ಜಾನಕಿ ಪ್ರಶ್ನೆಗಳನ್ನು ಜೋಡಿಸಿಕೊಂಡು ಬಂದಿದ್ದಳು. ಕೇಳಿದವಳು ದಾವಲಬಿ. ಕೂಸಿನ ಹೆಸರೇನು, ಯಾವುದಕ್ಕೆ ಅಂಜುತ್ತಾಳೆ, ನಿದ್ದೆ ಹೇಗೆ ಬರುತ್ತದೆ, ಬೆನ್ನು ತಟ್ಟಬೇಕೋ ಕಾಲ ಮೇಲೆ ಹಾಕಿ ತೂಗಬೇಕೋ?

"ನನ್ನ ಸೆರಗಿನ ತುದಿ ಮುಷ್ಟ್ಯಾಗ ಹಿಡಕೊಂಡು ಮಲಗ್ತಾಳ್ರಿ," ಎಂದಳು ಜಾನಕಿ.

"ಹಂಗಾದ್ರ ನಿಮ್ಮದೊಂದು ಹಳೇ ಸೀರಿ ಕೊಡ್ರಿ. ಉಟ್ಟದ್ದು ಕೊಡ್ರಿ, ಮತ್ತ ಒಗದುಗಿಗದೀರಿ."

ಒಗೆಯದ ಸೀರೆಯನ್ನು ಪರರ ಮನೆಗೆ ಕೊಡುವುದೆಂದರೆ ಜಾನಕಿ ಬೆಳೆದ ಮನೆಯಲ್ಲಿ ಮೈಲಿಗೆಯ ಮೇಲೆ ಮೈಲಿಗೆ. ಆದರೆ ಅವ್ವನ ವಾಸನೆ ಸೋಪಿನಲ್ಲಿ ಹೋಗುತ್ತದೆ ಎಂಬುದು ಆ ಹೆಂಗಸಿಗೆ ಹೊಳೆದಿತ್ತು. ಜಾನಕಿಯ ಮನಸ್ಸು ಅಲ್ಲಿಗೆ ಗಟ್ಟಿಯಾಯಿತು. ಊಟ ನೀರಿನ ಮಾತು ತೆಗೆಯಲು ನಾಲಿಗೆ ತಡವರಿಸಿದಾಗ ದಾವಲಬಿಯೇ ನಕ್ಕಳು.

"ನಿಮ್ಮ ಬುತ್ತಿ ನೀವು ಕಟ್ರಿ, ನಿಮ್ಮ ತಂಬಿಗಿ ನೀವು ಕಳಸ್ರಿ. ಮೊದಲ ಕೂಸು ನಗಲಿ. ನೀರಿನ ಮಾತು ಆಮ್ಯಾಲ ನೋಡೂಣು."

ಹಾಗೆ ಶುರುವಾಯಿತು. ಕೆಲವು ತಿಂಗಳಲ್ಲಿ ಹಿತ್ತಾಳೆಯ ತಂಬಿಗೆ ಬೆಳಿಗ್ಗೆ ತುಂಬಿಕೊಂಡು ಹೋದದ್ದು ಸಂಜೆ ತುಂಬಿಕೊಂಡೇ ಬರತೊಡಗಿತು. ಗೋದಾ ಹಗಲೆಲ್ಲ ಏನು ಕುಡಿದಳು ಎಂದು ಜಾನಕಿ ಕೇಳಲಿಲ್ಲ, ದಾವಲಬಿ ಹೇಳಲಿಲ್ಲ.

ದಾವಲಬಿಯದು ಇನ್ನೊಂದು ಕಟ್ಟುನಿಟ್ಟು ಇತ್ತು. ಅವಳ ಹೊಟ್ಟೆಯಲ್ಲಿ ಹುಟ್ಟಿದ್ದು ಒಂದೂ ಉಳಿದಿರಲಿಲ್ಲ. ಹಗಲೆಲ್ಲ ಎತ್ತಿ ಆಡಿಸುವವಳನ್ನು ಮಕ್ಕಳು "ಅವ್ವಾ" ಎನ್ನುವುದು ಸಹಜವೇ. ಆದರೆ ಅವ್ವ ಎಂದು ಕರೆದರೆ ದಾವಲಬಿ ಓ ಎನ್ನುತ್ತಿರಲಿಲ್ಲ. ಎತ್ತಿಕೊಳ್ಳುತ್ತಿದ್ದಳು, ಮೂಗು ಒರೆಸುತ್ತಿದ್ದಳು, ಓ ಮಾತ್ರ ಇಲ್ಲ. "ಖಾಲಾ ಅನು," ಎನ್ನುತ್ತಿದ್ದಳು. ಅವರ ಮನೆಮಾತಿನಲ್ಲಿ ಅವ್ವನ ತಂಗಿಗೆ ಹಾಗೆನ್ನುತ್ತಾರೆ. ಗೋದಾಳ ಬಾಯಲ್ಲಿ ಅದು "ಕಾಲಾ" ಆಯಿತು. "ಕಾಲಾ ಅಂದ್ರ ಕರಿ. ಕರಿ ಅದೇನಿ, ಸುಳ್ಳಲ್ಲ ಬಿಡು," ಎಂದು ದಾವಲಬಿ ನಗುತ್ತಿದ್ದಳು.

"ಅವ್ವ ಅಂದ್ರ ಏನಾತ್ರಿ? ಸಣ್ಣ ಕೂಸುಗಳು," ಎಂದು ಜಾನಕಿ ಒಮ್ಮೆ ಕೇಳಿದಳು. ಕೇಳುವಾಗ ಅವಳ ಎದೆಯಲ್ಲೂ ಸಣ್ಣ ಅಳುಕಿತ್ತು ಎನ್ನುವುದನ್ನು ಮುಚ್ಚಿಡುವುದು ಬೇಡ.

"ಅದು ನಿಮ್ಮ ಅಮಾನತ್ರಿ, ಅಕ್ಕೋರ. ಇಟ್ಟು ಹೋದ ಸಾಮಾನು ಕಾಯಬೇಕು. ಬಳಸಬಾರದು," ಎಂದಳು ದಾವಲಬಿ.

ಒಂದು ದಿನ ಜಾನಕಿಯೇ ತಪ್ಪು ಮಾಡಿದಳು. ಶಾಲೆಗೆ ತಪಾಸಣೆಯ ಸಾಹೇಬರು ಬರುವ ದಿನ. ಗೋದಾಳ ಮೈ ಬೆಚ್ಚಗಿತ್ತು, ಬೆಳಿಗ್ಗೆಯಿಂದ ಕೊರಳು ಬಿಟ್ಟಿರಲಿಲ್ಲ. ದಾವಲಬಿ ಒಳಗೆ ಒಲೆಯ ಮುಂದಿದ್ದಳು. ಗೋದಾ ಮೇಕೆಮರಿಯನ್ನು ನೋಡುತ್ತ ಕೆಳಗಿಳಿದದ್ದೇ ತಡ, ಜಾನಕಿ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಓಡಿದಳು. ತಪಾಸಣೆ ಚೆನ್ನಾಗಿಯೇ ಆಯಿತು, ಸಾಹೇಬರು ಶಹಬ್ಬಾಸ್ ಅಂದರು.

ಸಂಜೆ ಬಂದಾಗ ದಾವಲಬಿ ಮುಖ ಕೊಟ್ಟು ಮಾತಾಡಲಿಲ್ಲ. ಗೋದಾ ಹೊಸ್ತಿಲ ಮೇಲೆ ಸೋತು ಕೂತಿದ್ದಳು. ಹಗಲೆಲ್ಲ ಗಾದಿಯ ಕೆಳಗೆ ನೋಡಿದ್ದಳಂತೆ, ಜೋಳದ ಚೀಲದ ಹಿಂದೆ ನೋಡಿದ್ದಳಂತೆ, ಮೇಕೆಮರಿಯನ್ನು ಹೊಡೆದಿದ್ದಳಂತೆ. ಬುತ್ತಿ ಹಾಗೇ ಇತ್ತು. ಜಾನಕಿ ಎತ್ತಿಕೊಳ್ಳಲು ಹೋದರೆ ಕೂಸು ಮುಖ ತಿರುಗಿಸಿತು. ಆಗ ದಾವಲಬಿ ಬಾಯಿ ಬಿಟ್ಟಳು.

"ನಾ ಸಣ್ಣಾಕಿ ಇದ್ದೆ. ಹಲಸಂಗ್ಯಾಗ ನಮ್ಮಜ್ಜಿ ಮನಿ. ನಮ್ಮವ್ವ ನನ್ನ ಮಲಗಿಸಿ ಸೋಲಾಪುರದ ಗಿರಣಿ ಕೆಲಸಕ್ಕ ಹೋದ್ಲು. ಎದ್ರ ಅಳ್ತೈತಿ ಅಂತ ಹೇಳಲಿಲ್ಲ. ಅಲ್ಲೆ ಬ್ಯಾನಿ ಬಂದು ಸತ್ಲು. ಸತ್ತದ್ದಕ್ಕ ನಾ ಅಳಲಿಲ್ಲರಿ, ಸಾಯೂದು ಅಂದ್ರ ಏನಂತ ತಿಳೀತಿರಲಿಲ್ಲ. ನಿದ್ದಿ ಮಾಡಾಕ ಅಂಜ್ತಿದ್ದೆ. ಕಣ್ಣು ಮುಚ್ಚಿದ್ರ ಅಜ್ಜೀನೂ ಹೋಗ್ತಾಳ ಅಂತ ತಿಳಕೊಂಡಿದ್ದೆ." ಸೆರಗಿನಿಂದ ಗೋದಾಳ ಮುಖ ಒರೆಸಿದಳು. "ಒಂದು ಮಾತು ಹೇಳಿ ಹೋಗಿದ್ರ ಏನಾಗ್ತಿತ್ತು? ಬರಲಿಕ್ಕೆ ಆಗದಿದ್ರೂ ಬರ್ತೇನಿ ಅಂದಿದ್ಲು ಅಂತ ಇರ್ತಿತ್ತಲ್ಲ."

ಜಾನಕಿ ಹೊಸ್ತಿಲ ಮೇಲೆ ಗೋದಾಳ ಪಕ್ಕದಲ್ಲೇ ಕೂತಳು. ಆಮೇಲೆ ಅವಳು ಒಂದು ದಿನವೂ ಹೇಳದೆ ಹೋಗಲಿಲ್ಲ.

ಊರಿನವರ ಬಾಯಿಗೆ ಬೀಗವಿರುತ್ತದೆಯೇ? ಗೋದಾ ಸಾಬರ ಹೆಂಗಸಿಗೆ ಅವ್ವ ಅನ್ನುತ್ತಾಳೆ ಎಂಬ ಸುದ್ದಿ ಬಾಗೇವಾಡಿಗೆ ಮುಟ್ಟಿತು. ಸಾಬರ ಮನೆ ಎಂಬುದನ್ನು ಬಸಂತರಾಯರು ಹೇಗೋ ನುಂಗಿಕೊಂಡಿದ್ದರು. ಅವ್ವ ಎಂಬುದು ಗಂಟಲಿನಲ್ಲಿ ಸಿಕ್ಕಿತು. ಬಸ್ಸು ಹತ್ತಿ ನೇರವಾಗಿ ಶಾಲೆಗೇ ಬಂದು ಜಾನಕಿಯನ್ನು ಹೊರಗೆ ಕರೆದರು.

"ನಡಿ, ಆ ಮನಿ ತೋರಿಸು. ನೀ ಹೊರಗ ನಿಂದರು. ನಾ ಕಣ್ಣಿಲೆ ನೋಡ್ತೇನಿ, ಕಿವೀಲೆ ಕೇಳ್ತೇನಿ. ಕೂಸು ತನ್ನ ಅವ್ವ ಯಾರಂತ ಮರತಿದ್ರ, ಇವತ್ತಽ ಕರಕೊಂಡು ಹೋಗ್ತೇನಿ."

ಜಾನಕಿ ಸೆರಗು ಹೊದ್ದು ಮುಂದೆ ನಡೆದಳು. ಹಿರಿಯರ ಮಾತು ಮೀರುವ ಧೈರ್ಯ ಆ ಕಾಲದ ಹೆಣ್ಣುಮಗಳಿಗೆ ಎಲ್ಲಿಂದ ಬರಬೇಕು? ದಾವಲಬಿಯ ಮನೆಯ ಮಣ್ಣಿನ ಗೋಡೆಯ ಹಿಂದೆ ಇಬ್ಬರೂ ನಿಂತರು. ಹಣೆಬರಹ ಎಂದರೆ ಹೀಗೆ: ಅದೇ ಗಳಿಗೆಗೆ ಗೋದಾ ಎಡವಿ ಬಿದ್ದು ಮೊಣಕಾಲು ತರಚಿಕೊಂಡಳು. ಎದ್ದವಳೇ, "ಅವ್ವಾ! ಅವ್ವಾ!" ಎಂದು ಕೂಗುತ್ತ ದಾವಲಬಿಯ ಕಡೆಗೇ ಓಡಿದಳು.

ಬಸಂತರಾಯರು ಜಾನಕಿಯನ್ನು ನೋಡಿದರು. ಜಾನಕಿ ನೆಲ ನೋಡಿದಳು. ಮಗಳು ಹೋದಳು ಎಂದೇ ಅನಿಸಿತು.

ದಾವಲಬಿ ಗೋದಾಳನ್ನು ಎತ್ತಿ ಮೊಣಕಾಲು ಊದಿದಳು. ಓ ಎನ್ನಲಿಲ್ಲ.

"ಅವ್ವ ಎಲ್ಲಿ ಅದಾಳವ್ವ ಗೋದಾ?"

ಗೋದಾ ಬಿಕ್ಕುತ್ತ ಓಣಿಯ ಕಡೆ ಕೈ ಮಾಡಿದಳು. "ಸಾಲ್ಯಾಗ."

"ಏನಂತ ಹೇಳಿ ಹೋಗ್ಯಾಳ?"

"ಬತ್ತೇನಿ."

"ಮತ್ತ ಬರ್ತಾಳಿಲ್ಲೋ?"

"ಬತ್ತಾಳ."

"ಹಂಗಾರ ನಾ ಯಾರು?"

"ಕಾಲಾ," ಎಂದಳು ಗೋದಾ, ಅಳುವಿನ ನಡುವೆಯೂ ನಕ್ಕಳು.

ಗೋಡೆಯ ಹಿಂದೆ ಬಸಂತರಾಯರು ಕೂಸಿಗೆಂದು ತಂದಿದ್ದ ಪೇಢೆಯ ಪೊಟ್ಟಣವನ್ನು ಅಂಗಿಯ ಜೇಬಿನಿಂದ ತೆಗೆದರು. ಕೆಮ್ಮಿ, ಅದನ್ನು ಹಿಡಿದು ಅಂಗಳಕ್ಕೆ ನಡೆದು, "ಬಾರವ್ವಾ ಗೋದಾ," ಎಂದು ಕೈ ಚಾಚಿದರು. ದಾವಲಬಿ ಕೂಸನ್ನು ಹೆಗಲಿಗೆ ಏರಿಸಿ ಹಿಂದೆ ಸರಿದಳು.

"ಯಾರ್ರೀ ನೀವು?"

"ಇಕಿ ದೊಡ್ಡಪ್ಪ."

"ಇರಬಹುದ್ರಿ. ಇಕಿ ಅವ್ವ ಬಂದು ಹೌದು ಅನ್ನೂತನಕ ದೊಡ್ಡಪ್ಪ ಬರಲಿ, ದೇವರು ಬರಲಿ, ಕೂಸಿನ್ನ ಕೊಡಾಕಾಗೂದಿಲ್ಲ."

ಬಾಗೇವಾಡಿಯಲ್ಲಿ ಅವರ ಮುಂದೆ ಹಾಗೆ ಮಾತಾಡಿದವರಿಲ್ಲ. ಅವರ ಮುಖ ಕೆಂಪಾಯಿತು, ಆಮೇಲೆ ಮೆತ್ತಗಾಯಿತು. ಜಾನಕಿ ಓಡಿಬಂದು ಹೌದು ಅಂದಳು. ಗೋದಾ ಒಂದು ಜಿಗಿತಕ್ಕೆ ಅವಳ ಕೊರಳಿಗೆ ಬಿದ್ದಳು. ಅವ್ವ ಯಾರು ಎಂದು ಯಾರೂ ಕೇಳಬೇಕಾಗಲಿಲ್ಲ.

ಬಸಂತರಾಯರು ಗೋದಾಳ ತಲೆ ಸವರಿ, ಪೇಢೆ ಕೊಟ್ಟು, ತಿರುಗಿ ನಡೆದರು. ಬಾಗಿಲು ದಾಟಿರಲಿಲ್ಲ.

"ಯಜಮಾನ್ರ, ಕೂಸಿಗೆ ಹೇಳಿ ಹೋಗ್ರಿ!"

ಅವರು ನಿಂತರು. ರುಮಾಲು ಸರಿಮಾಡಿಕೊಂಡು ಗೋದಾಳ ಕಡೆ ಬಾಗಿದರು. "ಬರ್ತೇನವ್ವಾ," ಎಂದರು. ಒಂದು ಕ್ಷಣ ತಡೆದು ದಾವಲಬಿಗೂ ಹೇಳಿದರು: "ಬರ್ತೇನ್ರಿ." ಬಸ್ಸಿನ ಹತ್ತಿರ ಜಾನಕಿಗೆ ಹೇಳಿದ್ದು ಇಷ್ಟೇ: "ಛಲೋ ಕೈಯಾಗ ಅದ ಕೂಸು. ನಿಮ್ಮ ವೈನಿಗೆ ಹೇಳ್ತೇನಿ." ಹೆಂಡತಿಯ ಮಾತು ಎತ್ತುವಾಗ ಅವರ ಕಣ್ಣು ತುಂಬಿತ್ತು. ಆಸೆ ಬಿಡುವುದು ಯಾರಿಗಾದರೂ ಕಷ್ಟವೇ.

ಗೋದಾಳಿಗೆ ಶಾಲೆಯ ವಯಸ್ಸು ಬರುವ ಹೊತ್ತಿಗೆ ಜಾನಕಿಗೆ ಮುದ್ದೇಬಿಹಾಳಕ್ಕೆ ವರ್ಗವಾಯಿತು. ಹೊರಡುವ ದಿನ ಬೆಳಿಗ್ಗೆ, ಬಸ್ಸಿಗೆ ಸಾಮಾನು ಏರಿಸಿ, ಇಬ್ಬರೂ ದಾವಲಬಿಯ ಮನೆಗೆ ಹೋದರು. ಅಂಗಳದಲ್ಲಿ ಮಕ್ಕಳಿದ್ದರು, ಅವರನ್ನು ಕಾಯುತ್ತ ಫಕೀರಸಾಬ ಕಂಗಾಲಾಗಿ ಕೂತಿದ್ದ. ಮನೆಯ ಕದ ಮುಚ್ಚಿತ್ತು.

"ಒಳಗ ಅದಾಳ್ರಿ. ಹೊರಗ ಬರಾಂಗಿಲ್ಲಂತ," ಎಂದ ಅವನು, ತನ್ನದೇ ತಪ್ಪು ಎಂಬಂತೆ.

ಜಾನಕಿಗೆ ಸಿಟ್ಟೂ ಬಂತು, ನಗುವೂ ಬಂತು. "ಹೇಳೂದು ಆಚಾರ, ತಿನ್ನೂದು ಬದ್ನಿಕಾಯಿ! ಊರ ಮಂದಿ ಸೆರಗು ಹಿಡದು ಜಗ್ಗಿದಾಕಿ ಈಗ ತಾನಽ ಅಡಗ್ಯಾಳೇನು?" ಎಂದು ಕದದ ಮುಂದೆ ಗಟ್ಟಿಯಾಗಿ ಅಂದಳು. ಒಳಗೆ ಸದ್ದಿಲ್ಲ.

ಗೋದಾ ಕದಕ್ಕೆ ಬಾಯಿ ಹಚ್ಚಿ, "ಖಾಲಾ, ಬರ್ತೇನಿ," ಎಂದಳು. ಸದ್ದಿಲ್ಲ. ಮತ್ತೊಮ್ಮೆ ಕರೆದಳು. ಹೂವಿನ ಹಿಪ್ಪರಗಿಯ ಮೇಲೆ ಹಾಯ್ದು ಮುದ್ದೇಬಿಹಾಳಕ್ಕೆ ಹೋಗುವ ಬಸ್ಸು ದೂರದಲ್ಲಿ ಹಾರ್ನ್ ಹೊಡೆಯಿತು. ಗೋದಾ ಕಿಟಕಿಯ ಕಡೆ ನೋಡಿದಳು, ಕದದ ಸಂದಿಯಲ್ಲಿ ನೋಡಿದಳು. ಅವಳು ಹುಡುಕುತ್ತಿದ್ದಾಳೆ ಎಂದು ಜಾನಕಿಗೆ ತಿಳಿಯಿತು.

ಯಾವ ಮಾತು ತನ್ನಿಂದ ಹೋದೀತು ಎಂದು ಜಾನಕಿ ಅಷ್ಟು ಅಂಜಿದ್ದಳೋ, ಯಾವುದನ್ನು ದಾವಲಬಿ ಅಷ್ಟು ವರ್ಷ ಮುಟ್ಟದೆ ಕಾದು ಕೊಟ್ಟಿದ್ದಳೋ, ಅದೇ ಮಾತು ಈಗ ಜಾನಕಿಯ ನೆನಪಿಗೆ ಬಂತು. ಮಗಳ ಪಕ್ಕದಲ್ಲಿ ಕೂತು ಕಿವಿಯಲ್ಲಿ ಹೇಳಿದಳು: "ಅವ್ವಾ ಅಂತ ಕರಿ."

ಗೋದಾ ತಾಯಿಯ ಮುಖ ನೋಡಿದಳು. ಜಾನಕಿ ತಲೆಯಾಡಿಸಿದಳು.

"ಅವ್ವಾ," ಎಂದು ಕೂಗಿದಳು ಗೋದಾ. "ಅವ್ವಾ, ಬರ್ತೇನಿ!"

ಒಳಗೆ ಅಗಳಿ ಸರಿಯಿತು.

"ಓ," ಎಂದಳು ದಾವಲಬಿ. "ಓ ನನ್ನವ್ವಾ. ಹೋಗಿ ಬಾ."